ಮುಚ್ಚಳ ತೆಗೆದವರ ಪ್ರಾರ್ಥನೆ

ಶ್ರೀಮಂತರ ಮನೆಯೊಂದಿತ್ತು, ಕ್ರಿಸ್ತನಲ್ಲಿ ಪ್ರಿಯರೇ. ಊರು ಯಾವುದೆಂದು ಕೇಳಬೇಡಿ, ಹೇಳಿದರೆ ನಿಮ್ಮಲ್ಲೇ ಕೆಲವರಿಗೆ ಕಸಿವಿಸಿಯಾದೀತು. ಆ ಮನೆಗೆ ಬಡವರ ಮನೆಯಿಂದ ಸೊಸೆ ಬಂದಿದ್ದಳು. ಅಂದು ಸಂಜೆ ಅಲ್ಲಿ ಪ್ರಾರ್ಥನಾ ಕೂಟ. ಅವಳ ತಾಯಿಯೂ ಮೊದಲ ಸಲ ಬೀಗರ ಮನೆಗೆ ಬರುವವಳಿದ್ದಳು. ಅಮ್ಮನ ಎದುರಿಗೆ ನಾಲ್ಕು ಜನ ತನ್ನ ಅಡಿಗೆಯನ್ನು ಮೆಚ್ಚಲಿ, ಇಷ್ಟೇ ಆ ಹುಡುಗಿಯ ಆಸೆ.

ಅತ್ತೆ ತರಿಸಿಕೊಟ್ಟದ್ದೇನು? ಅಗ್ಗದ ಬೀಫು, ನಾರುನಾರಾದ ಕಾಲಿನ ಮಾಂಸ. ಸೊಸೆ ಬೇಸರಪಡಲಿಲ್ಲ, ನೋಡಿ. ತವರಿನಲ್ಲಿ ತಿಂದದ್ದೇ ಅದು. ಈರುಳ್ಳಿ, ಆಲೂಗಡ್ಡೆ, ಕಾಳುಮೆಣಸು ಹಾಕಿ ಬೆಳಿಗ್ಗೆಯೇ ಸ್ಲೋ ಕುಕ್ಕರಿನಲ್ಲಿ ಸ್ಟ್ಯೂ ಇಟ್ಟಳು. "ಅತ್ತೆ, ಸಣ್ಣ ಕಾವಲ್ಲಿ ಸಂಜೆತನಕ ಬೇಯ್ಲಿ, ಬೆಣ್ಣೆ ಥರ ಆಗತ್ತೆ. ಮುಚ್ಚಳ ಮಾತ್ರ ತೆಗೀಬೇಡಿ, ಕಾವು ಹೋಗ್ಬಿಡತ್ತೆ" ಅಂದಳು.

ಕೇಳಿದರೇ? ಎಲ್ಲಿ ಕೇಳಿದರು! ಅತ್ತೆ ಬಂದು ತೆಗೆದಳು, ಸೌಟು ಹಾಕಿ ತಿರುವಿದಳು. ನಾದಿನಿ ಬಂದು ತೆಗೆದಳು, ಮೂಸಿ ನೋಡಿದಳು. ಮಾವನೂ ತೆಗೆದ. ಅತ್ತೆ ಮತ್ತೆ ತೆಗೆದಳು, ತಣ್ಣೀರು ಸುರಿದಳು! "ದಮ್ಮಯ್ಯ ಅತ್ತೆ, ಬಿಡಿ" ಅಂದರೆ, "ನಂಗೇ ಹೇಳಿಕೊಡ್ತೀಯೇನೇ?" ಎಂಬ ಉತ್ತರ ಬಂತು.

ಸಂಜೆ ಹಾಡಾಯಿತು, ಬೈಬಲ್ ವಾಕ್ಯ ಓದಿದ್ದಾಯಿತು. ಅತ್ತೆ ಒಳಗೆ ಹೋಗಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಮಾಂಸ ಬೆಂದಿರಲಿಲ್ಲ. ಹೊರಗೆ ಬಂದು ಏನು ಮಾಡಿದಳು ಗೊತ್ತೇ? ಬೈದಳೇ? ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಣ್ಣು ಮುಚ್ಚಿ, ಕೈಯೆತ್ತಿ, ಪ್ರಾರ್ಥಿಸಿದಳು! "ಕರ್ತನೇ, ಏನೂ ಕಲಿಸ್ದೇ ಇರೋ ಮನೆಯಿಂದ ಬಂದಿರೋ ನಮ್ಮ ಸೊಸೆಗೆ ಅಡಿಗೆ ಮಾಡೋ ಬುದ್ಧಿ ಕೊಡಪ್ಪಾ."

ಕೂತವರೆಲ್ಲ "ಆಮೆನ್" ಅಂದರು. ಬಾಗಿಲ ಬಳಿ ಕೂತಿದ್ದ ತಾಯಿ, ಎಲ್ಲರೂ ಅಂದರಲ್ಲಾ ಎಂದು, ಸೆರಗನ್ನು ಬಾಯಿಗೊತ್ತಿಕೊಂಡು ತಾನೂ "ಆಮೆನ್" ಅಂದಳು. ಅದನ್ನು ಕೇಳಿ ಸೊಸೆಯ ಎದೆ ಒಡೆದುಹೋಯಿತು.

ನಾಚಿಕೆಯಾಗಬೇಕು! ಮಾಂಸ ಕೆಡಿಸಿದವರು ಯಾರು, ಚುಚ್ಚುಮಾತು ಕೇಳಿಸಿಕೊಂಡವರು ಯಾರು? ಆ ಮನೆಯವರನ್ನು ಮನಸ್ಸಿನಲ್ಲೇ ಶಪಿಸುತ್ತ ಕೂತಿದ್ದೀರಲ್ಲ, ಹೋದ ವಾರದ ಕೂಟದಲ್ಲಿ ನೀವೇನು ಪ್ರಾರ್ಥಿಸಿದಿರಿ? ಯಾರ ಮಗಳ ಹೆಸರೆತ್ತಿದಿರಿ? ಯಾರ ಗಂಡನ ಕುಡಿತದ ಬಗ್ಗೆ ಹತ್ತು ಜನರೆದುರು ದೇವರಿಗೆ ಚಾಡಿ ಹೇಳಿದಿರಿ? ಏನು, ದೇವರಿಗೆ ಗೊತ್ತಿರಲಿಲ್ಲವೇ?

ಇವತ್ತಿನಿಂದ, ಯಾರ ಮೇಲಾದರೂ ದೂರಿದ್ದರೆ ಅವರ ಮುಖ ನೋಡಿ ಹೇಳಿ. ಕೆಡಿಸಿದ್ದು ನೀವಾದರೆ ಬಾಯಿಬಿಟ್ಟು ಒಪ್ಪಿಕೊಳ್ಳಿ. ಬೇರೆಯವರು ಹಾಗೆ ಪ್ರಾರ್ಥಿಸಿದಾಗ ಆಮೆನ್ ಅನ್ನಬೇಡಿ. ಅಂದು ಕೂತವರ ಆಮೆನ್ ಹೆತ್ತವಳ ಬಾಯಿಂದಲೂ ಅದನ್ನು ಹೇಳಿಸಿತಲ್ಲ! ಮನೆಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ನಿಮ್ಮ ಸೊಸೆಯ ಹತ್ತಿರ ಕ್ಷಮೆ ಕೇಳಿ.