ಒಂದೇ ದಾರಕ್ಕೆ ಕಟ್ಟಿದ ಎರಡು ಕೀ

ನಮ್ಮೂರಿನಂಥದ್ದೇ ಒಂದು ಊರು ಅಂದುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಅಕ್ಕಿ ಗಿರಣಿ ಇತ್ತು, ಲಾರಿಗಳಿದ್ದವು. ಆದರೆ ನಿಮ್ಮ ಆಸ್ತಿ ಎಲ್ಲಿದೆ ಅಂದರೆ ಅವನು ತೋರಿಸುತ್ತಿದ್ದುದು ಕಂಪ್ಯೂಟರನ್ನು. ಯಾಕೆ? ಅವನ ಹೆಂಡತಿಯ ಹಾಡುಗಳು ಅಲ್ಲಿದ್ದವು. ಗಂಟಲಿನ ಆಪರೇಷನ್ನಿನಲ್ಲಿ ಆ ತಾಯಿಯ ದನಿ ಹೋಯಿತು. ಅದಕ್ಕೆ ಮೊದಲೇ ಆಕೆ ಹಾಡಿದ್ದನ್ನೆಲ್ಲ ಇವನು ರೆಕಾರ್ಡ್ ಮಾಡಿ, ಇಂಟರ್ನೆಟ್ಟಿನ ಒಂದು ಖಾತೆಯಲ್ಲಿ ಕಾಪಾಡಿದ್ದ. ಈಗ ಆಕೆಯ ಮಾತೆಲ್ಲ ಸ್ಲೇಟಿನ ಮೇಲೆ.

ಪಾಸ್‌ವರ್ಡ್ ಕದಿಯುವವರಿದ್ದಾರೆ ಅಂತ ಯಾರೋ ಹೆದರಿಸಿದರು. ಸಾಹುಕಾರ ಭದ್ರತಾ ಕೀ ತರಿಸಿದ. ಬೆರಳುದ್ದದ್ದು. ಅದನ್ನು ಕಂಪ್ಯೂಟರಿಗೆ ಚುಚ್ಚಿ ಮುಟ್ಟಿದರೆ ಮಾತ್ರ ಖಾತೆ ತೆರೆಯುತ್ತದೆ. ಅಂಗಡಿಯವನು ಆ ಖಾತೆಗೆ ಎರಡು ಕೀ ಜೋಡಿಸಿಕೊಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ ಅಂದ. ಎರಡೂ ಕೈಕೊಟ್ಟರೆ ಬೇಕಾಗುತ್ತದೆಂದು ತುರ್ತು ಸಂಖ್ಯೆಗಳ ಒಂದು ಹಾಳೆಯನ್ನೂ ಕೊಟ್ಟ. ಸಾಹುಕಾರ ಹಾಳೆಯನ್ನು ಹೆಂಡತಿಯ ಕೈಗಿತ್ತು ಮರೆತ. ಕೀಗಳನ್ನು?

"ಜೋಡೀನ ಅಗಲಿಸಬಾರದು ಕಣೇ" ಅಂದವನೇ ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ ದೇವರ ಮನೆಯ ಮೊಳೆಗೆ ನೇತುಹಾಕಿದ. ನಗಬೇಡಿ, ನಾವೂ ಅಂಥವರೇ.

ಆಯುಧಪೂಜೆ ಬಂತು. ಗಿರಣಿಗೆ ಪೂಜೆ, ಲಾರಿಗೆ ಪೂಜೆ, ಕೀಗಳನ್ನು ಬಿಟ್ಟಾನೆಯೇ? ತೇಯ್ದ ಗಂಧ ಮೆತ್ತಿದ, ಮೇಲೆ ಕುಂಕುಮ, ಅಕ್ಷತೆ. ಎರಡಕ್ಕೂ, ಸರಿಸಮನಾಗಿ. ಭಕ್ತಿ ನೋಡಿ! ಮೂರು ದಿನಕ್ಕೆ ಗಂಧ ಒಣಗಿ ಗಟ್ಟಿಯಾಯಿತು. ನಾಲ್ಕನೆಯ ದಿನ ಮೊಮ್ಮಗಳ ನಾಮಕರಣ. ತೊಟ್ಟಿಲು ತೂಗುವಾಗ ಅಜ್ಜಿಯ ಜೋಗುಳ ಹಾಕಬೇಕೆಂದು ಅವನು ಕೀ ಚುಚ್ಚಿದರೆ, ಖಾತೆ ತೆರೆಯಲಿಲ್ಲ. ಪಿನ್ನು ತಗೊಂಡು ಕೆರೆದ. ಎರಡನ್ನೂ ಕೆರೆದ. ಎರಡೂ ಸತ್ತವು.

ನೆಂಟರು ಕಾಯುತ್ತಿದ್ದಾರೆ. ಅವನು ತಲೆಯ ಮೇಲೆ ಕೈಹೊತ್ತು ಕೂತ. "ನಿನ್ನ ದನೀನ ನಾನೇ ಕಳೆದುಬಿಟ್ಟೆ ಕಣೇ" ಅಂದ.

ಆಕೆ ಬೈಯಲಿಲ್ಲ. ಸ್ಲೇಟು ಹಿಡಿದು ಬರೆದಳು: ಅಕ್ಕನ ಮನೆ.

ತುರ್ತು ಸಂಖ್ಯೆಗಳ ಆ ಹಾಳೆಯನ್ನು ಆಕೆ, ಗಂಡ ಕೈಗಿತ್ತ ದಿನವೇ ಲಕೋಟೆಗೆ ಹಾಕಿ, ಅನ್ನದ ಅಗುಳಿನಿಂದ ಅಂಟಿಸಿ, ಮೂರು ಬೀದಿಯಾಚೆಯ ಅಕ್ಕನಿಗೆ ಕೊಟ್ಟಿದ್ದಳು. ಅಕ್ಕ ಅದನ್ನು ಸೀರೆ ಮಡಿಕೆಯಿಂದ ತೆಗೆದು, "ಏಳು ತಿಂಗಳಿಂದ ಕಾದಿದೀನಿ. ಒಡೆದು ನೋಡೋ ಆಸೇನ ಹೆಂಗೆ ತಡಕೊಂಡೆನೋ, ಆ ದೇವರಿಗೇ ಗೊತ್ತು" ಅಂದಳಂತೆ. ಒಂದು ಸಂಖ್ಯೆ ಒತ್ತಿದ್ದೇ ಖಾತೆ ತೆರೆಯಿತು. ತೊಟ್ಟಿಲು ತೂಗಿತು, ಜೋಗುಳ ಕೇಳಿತು. ಹಾಡಿನ ಜೊತೆ ಅಜ್ಜಿಯ ತುಟಿಯೂ ಆಡುತ್ತಿತ್ತು. ಸಾಹುಕಾರ ಹಾಡು ಕೇಳಲಿಲ್ಲ, ಆ ತುಟಿಗಳನ್ನೇ ನೋಡುತ್ತಿದ್ದ.

ಈಗ ಹೇಳಿ, ಅವನಲ್ಲಿ ಎಷ್ಟು ಕೀ ಇದ್ದವು? ಎರಡು ಅನ್ನುತ್ತೀರಿ. ಅಲ್ಲ, ಒಂದೇ. ಒಂದೇ ಮೊಳೆಯಲ್ಲಿ ನೇತಾಡುವುದು, ಒಂದೇ ಗಂಧದಲ್ಲಿ ಮುಳುಗುವುದು, ಎಷ್ಟಿದ್ದರೂ ಒಂದೇ. ಅವನಿಗೆ ಪ್ರೀತಿ ಕಡಿಮೆಯಿತ್ತೇ? ಬೇಕಾದಷ್ಟಿತ್ತು. ಅವಳ ಪ್ರೀತಿಗೆ ಮಾತ್ರ ಮುಂದಾಲೋಚನೆಯೂ ಇತ್ತು.

ಇವತ್ತು ಮನೆಗೆ ಹೋಗಿ ನಿಮ್ಮ ಕೀಗೊಂಚಲು ನೋಡಿ. ಎರಡನೆಯ ಕೀಯನ್ನು ಬಿಚ್ಚಿ, ನಂಬುವ ಒಬ್ಬರ ಮನೆಯಲ್ಲಿಡಿ. ಹಾಳೆಯನ್ನು ಇನ್ನೊಂದು ಕಡೆ. ಅಮಾವಾಸ್ಯೆಗೊಮ್ಮೆ ಆ ಕೀ ತರಿಸಿ ಚುಚ್ಚಿ ನೋಡಿ, ತೆರೆಯುತ್ತದೋ ಇಲ್ಲವೋ ಅಂತ. ಎಲ್ಲಿದೆ ಅನ್ನುವುದನ್ನು ಮನೆಯವರಿಗೆ ಹೇಳಿ. ಪೂಜೆ ಮಾಡಬೇಡಿ ಅನ್ನಲಾರೆ. ಮಾಡಿ. ಗಂಧ ಮಾತ್ರ ಕೀ ಇಡುವ ಡಬ್ಬಿಗೆ ಹಚ್ಚಿ, ತಾಯಂದಿರೇ, ಕೀಗೆ ಬೇಡ.