ಹಿಂದಕ್ಕೆ ಕೇಳಿದ ಒಪ್ಪಿಗೆ

ಒಂದು ಪಟ್ಟಣದಲ್ಲಿ ಕಣ್ಣಿನ ವೈದ್ಯರ ಸಂಘವೊಂದಿತ್ತು. ಸಾಮಾನ್ಯರ ಸಲಹೆಯೂ ಬೇಕೆಂದು ಆ ಸಂಘ ಇಬ್ಬರನ್ನು ಸಭೆಗೆ ಸೇರಿಸಿಕೊಂಡಿತು. ಒಬ್ಬರು ನಿವೃತ್ತ ಹೆಡ್‌ಮಾಸ್ತರರು, ಇನ್ನೊಬ್ಬಳು ಬಳೆಗಾರ್ತಿ. ನೋಡಿ, ವೈದ್ಯರ ಮನಸ್ಸು ಒಳ್ಳೆಯದೇ. ಅದನ್ನು ಮರೆಯಬೇಡಿ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದವರಿಗೆ ಎರಡು ಬಾಟಲಿ ಹನಿಔಷಧ ಕೊಡುತ್ತಾರೆ. ಒಂದು ದಿನಕ್ಕೆ ಆರು ಸಲ, ಇನ್ನೊಂದು ಒಂದೇ ಸಲ. ಅದಲುಬದಲಾದರೆ ಕಣ್ಣಿಗೇ ಕುತ್ತು. ಓದುಬಾರದವರಿಗೂ ತಿಳಿಯಲೆಂದು ಅಧ್ಯಕ್ಷರು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಮುಚ್ಚಳ ಹಾಕಿಸಿದ್ದರು. ಮರುದಿನವೇ ನಲವತ್ತು ಮಂದಿಗೆ ಶಸ್ತ್ರಚಿಕಿತ್ಸೆ. ಅವರಲ್ಲಿ ಬಳೆಗಾರ್ತಿಯ ಅಕ್ಕನೂ ಒಬ್ಬಳು. ಆಕೆಗೆ ಉಳಿದಿದ್ದುದು ಒಂದೇ ಕಣ್ಣು.

ಮೇಜಿನ ಮೇಲಿಟ್ಟ ಬಾಟಲಿಗಳ ಮುಚ್ಚಳ ಕಂಡೊಡನೆ ಬಳೆಗಾರ್ತಿ ಪಕ್ಕದಲ್ಲಿದ್ದ ಮಾಸ್ತರರತ್ತ ಬಾಗಿದಳು. ಏಕೆ? ಹೋದ ವರ್ಷ ಅವಳಿಗೂ ಅದೇ ಚಿಕಿತ್ಸೆಯಾಗಿತ್ತು. ಆಮೇಲೆ ತೊಡಬೇಕಾದ ಕಪ್ಪು ಕನ್ನಡಕದಲ್ಲೇ ಅಂಗಡಿಯಲ್ಲಿ ಕುಳಿತು, ಮದುಮಗಳಿಗೆ ಹಸಿರು ಬಳೆಯೆಂದು ಕೆಂಪು ಬಳೆ ತೊಡಿಸಿದ್ದಳು. ಬಣ್ಣದಲ್ಲೇ ಬದುಕಿದವಳು!

ಮಾಸ್ತರರ ಕಿವಿಯಲ್ಲಿ ಉಸುರಿದಳು: "ಮಾಸ್ತರ್ರ, ಆ ಕರೇ ಚಾಳೀಸಿನ್ಯಾಗ ಕೆಂಪು ಹಸರು ಎರಡೂ ಒಂದ ಕಾಣ್ತಾವ್ರೀ."

"ಸುಮ್ಮನ ಕೂಡವಾ. ಡಾಕ್ಟರಿಗೆ ಕಣ್ಣಿನ ಪಾಠ ಹೇಳಾಕ ಬಂದಿಯೇನು? ಕರದು ಕುರ್ಚಿ ಕೊಟ್ಟಾರ, ಅದ ದೊಡ್ಡದು."

"ಎಲ್ಲರಿಗೂ ಒಪ್ಪಿಗೆಯೇ?" ಎಂದರು ಅಧ್ಯಕ್ಷರು. ಒಪ್ಪಿದವರು ಮೇಜು ತಟ್ಟುವುದು ಅಲ್ಲಿಯ ರೂಢಿ. ಎಲ್ಲರೂ ತಟ್ಟಿದರು. ಬಳೆಗಾರ್ತಿಯ ಕೈಯೂ ತಟ್ಟಿತು. ತಟ್ಟಿಯೇಬಿಟ್ಟಿತು!

ಸಭೆ ಮುಗಿಯಿತು. ಮೆಟ್ಟಿಲಿಳಿದಳು. ಒಂದು. ಎರಡು. ಮೂರನೆಯದರಲ್ಲಿ ಕಾಲು ಮುಂದೆ ಹೋಗಲಿಲ್ಲ. ತಿರುಗಿ ಓಡಿದಳು. ಅಧ್ಯಕ್ಷರ ಪೆನ್ನು ಆಗಲೇ ಒಪ್ಪಿಗೆಯ ಕಾಗದದ ಮೇಲಿತ್ತು.

"ಸಾಹೇಬ್ರ, ನನ್ನ ಒಪ್ಪಿಗಿ ವಾಪಸ್ ಕೊಡ್ರಿ!"

"ಅಲ್ಲವಾ ತಾಯಿ, ಈಗರೆ ಮೇಜು ಬಡದ್ಯಲ್ಲ?"

"ಅಂಜಿ ಬಡದೇನ್ರಿ. ನಾಳೆ ಕೊಡೂ ಚಾಳೀಸು ಅದಾವಲ್ಲ, ಒಂದು ನೀವ ಹಾಕ್ಕೊಳ್ರಿ. ಕೆಂಪು ಮುಚ್ಚಳದ್ದು ಯಾವುದು ಹೇಳ್ರಿ, ನಾ ಮನಿಗೆ ಹೊಕ್ಕೀನಿ."

ಅಧ್ಯಕ್ಷರು ನಕ್ಕು ಆ ಕಪ್ಪು ಕನ್ನಡಕ ಹಾಕಿಕೊಂಡರು. ಅವಳು ಬಾಟಲಿಗಳನ್ನು ಅದಲುಬದಲು ಮಾಡಿಟ್ಟಳು. ಅವರ ಕೈ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಗಾಳಿಯಲ್ಲೇ ನಿಂತಿತು. ಕೊನೆಗೆ ಒಂದನ್ನು ಎತ್ತಿ, ಕನ್ನಡಕ ತೆಗೆದು ನೋಡಿದರು. ಹಸಿರು! ನಗು ಮಾಯವಾಯಿತು. ಸಹಿ ನಿಂತಿತು. ಆರು ಸಲದ ಬಾಟಲಿಗೆಲ್ಲ ಅಂದು ಸಂಜೆಯೇ ರಬ್ಬರ್ ಬ್ಯಾಂಡ್ ಬಿತ್ತು, ಬೆರಳಿಗೇ ತಿಳಿಯುವಂತೆ.

ಸಹಿ ನಿಂತ ಆ ಗಳಿಗೆಯಲ್ಲೇ, ಅವಳ ಬೆನ್ನಿಗೇ ಬಂದು ಬಾಗಿಲಲ್ಲಿ ನಿಂತಿದ್ದ ಮಾಸ್ತರರು ತಲೆತಗ್ಗಿಸಿ ಹೇಳಿದರು: "ನನಗೂ ಆಪರೇಶನ್ ಆಗಿತ್ತು. ನಾನೂ ಆ ಚಾಳೀಸಿನ್ಯಾಗ ಎರಡು ಸಲ ತಪ್ಪು ಹನಿ ಹಾಕ್ಕೊಂಡಿದ್ದೆ."

ಬಂಧುಗಳೇ, ವೈದ್ಯರಿಗೆ ಗೊತ್ತಿರಲಿಲ್ಲ. ಮಾಸ್ತರರಿಗೆ ಗೊತ್ತಿತ್ತು! ಅವರನ್ನು ನೆನೆದಾಗಲೇ ನನಗೆ ನೆಮ್ಮದಿ ತಪ್ಪುವುದು. ಶಾಲೆಯ ಸಮಿತಿಯಲ್ಲಿ, ನೀರಿನ ಸಮಿತಿಯಲ್ಲಿ, ಈ ಮಠದ ಸಮಿತಿಯಲ್ಲೇ, ಗೊತ್ತಿದ್ದೂ ಎಷ್ಟು ಸಲ ತಲೆಯಾಡಿಸಿದ್ದೀರಿ? ಸಲಹೆಗೆ ಕರೆದರೆ, ಒಪ್ಪುವ ಮೊದಲು ನೀವು ಅನುಭವಿಸಿದ್ದನ್ನು ಹೇಳಿ. ದನಿ ನಡುಗಲಿ, ಹೇಳಿ. ಈಗಾಗಲೇ ಒಪ್ಪಿಬಿಟ್ಟಿದ್ದೀರಾ? ಹಾಗಾದರೆ ಇಂದೇ ಹೋಗಿ ಅದನ್ನು ಹಿಂದಕ್ಕೆ ಕೇಳಿ. ಅವಮಾನವಾದೀತು, ಆಗಲಿ. ನಿಮ್ಮ ಮೌನವನ್ನು ನಂಬಿ ನಾಳೆ ಬೆಳಿಗ್ಗೆ ಯಾರೋ ಕಣ್ಣು ಮುಚ್ಚಿ ಮಲಗಲಿದ್ದಾರೆ.