ನೀರಿಗಿಂತ ಮುಂದೆ ಓಡಿದ ರಾಫ್ಟಿನ ಬಗ್ಗೆ

ಹೊಳೆಯ ದಡದಲ್ಲಿ ಎಲ್ಲರೂ ತೇಪೆಯಜ್ಜಿ ಎಂದು ಕರೆಯುವ ನಾನು, ವಯಸ್ಸು 68 ವರ್ಷ, ಕೆಲಸ ರಾಫ್ಟೆಂಬ ರಬ್ಬರ್ ದೋಣಿಗಳಿಗೆ ಗಾಳಿ ತುಂಬುವುದು ಹಾಗೂ ತೇಪೆ ಹಾಕುವುದು, ವಾಸ ರಾಫ್ಟ್ ಇಳಿಸುವ ಕಟ್ಟೆಯ ಹಿಂದಿನ ತಗಡಿನ ಶೆಡ್ಡಿಗೆ ತಾಗಿದ ಮನೆ, ಈ ದಿನ ಮಧ್ಯಾಹ್ನ 12.40ಕ್ಕೆ ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ:

ಇಂದು ನನ್ನ ಮೊಮ್ಮಗಳ ಗೈಡ್ ಲೈಸೆನ್ಸಿನ ಪರೀಕ್ಷೆ ಇತ್ತು. ಗೈಡ್ ಬಿಟ್ಟು ರಾಫ್ಟಿನಲ್ಲಿ ಆರು ಜನ ಇರಲೇಬೇಕು. ಪರೀಕ್ಷಕರು ಒಬ್ಬರು, ರಜೆಗೆ ಬಂದಿದ್ದ ಶಾಲೆಯ ಮೇಷ್ಟರು ನಾಲ್ವರು, ಒಟ್ಟು ಐದೇ ಆದರು. ಆರನೆಯವಳಾಗಿ ನಾನು ಹತ್ತಿದೆ. ಮೂವತ್ತೊಂದು ವರ್ಷದಿಂದ ತೇಪೆ ಹಾಕುತ್ತಿದ್ದೇನೆ, ಒಂದು ದಿನವೂ ರಾಫ್ಟಿನಲ್ಲಿ ಕೂತಿರಲಿಲ್ಲ. ಈಜು ಬರುತ್ತದೆ.

ಬೇಸಿಗೆಯಲ್ಲಿ ನಮ್ಮ ಹೊಳೆಗೆ ತನ್ನದೆಂಬ ನೀರಿಲ್ಲ. ಅಣೆಕಟ್ಟೆಯವರು ವಾರಕ್ಕೆ ಮೂರು ದಿನ ಬೆಳಿಗ್ಗೆ 8ಕ್ಕೆ ಗೇಟು ತೆಗೆಯುತ್ತಾರೆ. ಆ ನೀರು 8 ಕಿ.ಮೀ. ಹರಿದು 9.10ಕ್ಕೆ ನಮ್ಮ ಕಟ್ಟೆ ಮುಟ್ಟುತ್ತದೆ. ಮುಂದೆ ಬಂಡೆಗಳ ನಡುವೆ ಹರಡಿಕೊಂಡು ನಿಧಾನವಾಗುತ್ತದೆ. ರಾಫ್ಟು ನೀರಿನ ಬೆನ್ನಿಗೇ ಹೋಗಬೇಕು, ಅದನ್ನು ದಾಟಬಾರದು. ದಾಟಿದರೆ ಬರೀ ಕಲ್ಲು. ಅದಕ್ಕೇ 3 ಕಿ.ಮೀ. ಕೆಳಗಿನ ತಿರುವಿನಲ್ಲಿ 20 ನಿಮಿಷ ನಿಂತು ನೀರನ್ನು ಮುಂದೆ ಕಳಿಸುವುದು ನಮ್ಮಲ್ಲಿ ಪದ್ಧತಿ.

9.25ಕ್ಕೆ ಹೊರಟೆವು. ನಾಲ್ವರಲ್ಲಿ ಡ್ರಿಲ್ ಮೇಷ್ಟರು ಹುಟ್ಟು ಹಾಕುವ ಲಯಕ್ಕೆ ಒಂದು, ಎರಡು ಎಂದು ಎಣಿಸತೊಡಗಿದರು. ನನ್ನ ತೋಳಿಗೆ ಎಲ್ಲಿಂದ ಶಕ್ತಿ ಬಂತೋ ತಿಳಿಯದು. 9.51ಕ್ಕೆ ತಿರುವು ಬಂತು. ಮೊಮ್ಮಗಳು ನಿಲ್ಲಿಸಿ ಎಂದು ಮೂರು ಸಲ ಕೂಗಿದಳು. ಮೂರು ಸಲವೂ ನನಗೆ ಕೇಳಿಸಿತು. ನಾನೇ, ಸುಮ್ನಿರೇ, ಈಗ ತಾನೇ ಕೈ ಪಳಗ್ತಿದೆ, ಹೊಡೀರಿ ಮೇಷ್ಟ್ರೇ ಎಂದೆ. ಹಿರಿಯಳ ಮಾತೆಂದು ಅವರು ಹೊಡೆದರು. ಇದನ್ನು ಬಿಡದೆ ಬರೆದುಕೊಳ್ಳಬೇಕು.

10.05ಕ್ಕೆ ಸೇತುವೆಗೆ 60 ಮೀಟರ್ ಮೇಲೆ ರಾಫ್ಟು ಗರ್ರೆಂದು ಕಲ್ಲಿನ ಮೇಲೆ ಕೂತಿತು. ಪಾದ ಮುಳುಗುವಷ್ಟೂ ನೀರಿರಲಿಲ್ಲ. ಮೊಮ್ಮಗಳು ಯಾರೂ ಇಳಿಯಬಾರದೆಂದು ಹೇಳಿ ಎಲ್ಲರ ಹುಟ್ಟುಗಳನ್ನೂ ಇಸಿದುಕೊಂಡಳು. ನಾನು ನನ್ನದನ್ನು ಬಿಡಲಿಲ್ಲ. ಅಜ್ಜಿ ಎಲ್ಲ ಮನೇಲಿ, ಇಲ್ಲಿ ಪ್ಯಾಸೆಂಜರ್ರು, ಕೊಡಿ ಎಂದಳು. ಮಾತು ಬಂದಾಗಿನಿಂದ ನನ್ನನ್ನು ನೀನು ಎನ್ನುವ ಹುಡುಗಿ. ಕೊಟ್ಟೆ.

ಸೇತುವೆಯ ಮೇಲೆ ಬಸ್ಸು ನಿಲ್ಲಿಸಿ ಕಂಡಕ್ಟರ್ ನಮ್ಮತ್ತ ಕೈ ಬೀಸಿದರು. ನಾವೂ ಖುಷಿಯಿಂದ ಬೀಸಿದೆವು. ಸಹಾಯ ಕೇಳುತ್ತಿದ್ದೇವೆಂದುಕೊಂಡು ಅವರು 10.09ಕ್ಕೆ ಠಾಣೆಗೆ ಫೋನ್ ಮಾಡಿ, ಗೈಡಿನ ಅಜಾಗರೂಕತೆಯಿಂದ ಏಳು ಜನ ಸಿಕ್ಕಿಬಿದ್ದಿದ್ದಾರೆಂದು ದೂರು ಕೊಟ್ಟರು. ಅವರ ಮನಸ್ಸು ಒಳ್ಳೆಯದೇ.

10.20ಕ್ಕೆ ಪೇದೆಯವರು ಹಗ್ಗ ಹಿಡಿದು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಬಂದರು. 10.26ಕ್ಕೆ ಮೇಲಿನಿಂದ ನೀರಿನ ಸದ್ದು ಕೇಳಿತು. ಮೊಮ್ಮಗಳು ಅವರನ್ನು ಒಳಗೆ ಕೂರಲು ಹೇಳಿದಳು. ಅವರು, ನಾನು ನಿಮ್ಮನ್ನ ಕಾಪಾಡೋಕಮ್ಮ ಬಂದಿರೋದು ಎಂದರು. ಆಮೇಲೆ ಕಾಪಾಡೀರಂತೆ, ಈಗ ಜಾಕೆಟ್ ಹಾಕ್ಕೊಳ್ಳಿ ಸರ್ ಎಂದು ಅವಳೇ ಹೆಚ್ಚಿಗೆ ಇದ್ದ ಜಾಕೆಟ್ಟಿನ ಪಟ್ಟಿ ಬಿಗಿದಳು. ಹುಟ್ಟುಗಳನ್ನು ಹಂಚಿದಳು. ನೀರು ಬಂದು ರಾಫ್ಟನ್ನು ಎತ್ತಿತು.

ಅಲ್ಲಿಂದ ಕೆಳಗೆ ಮೂರು ದೊಡ್ಡ ಸೆಳವು. ಮೊದಲನೆಯದರಲ್ಲಿ ಪೇದೆಯವರ ಟೋಪಿ ಹೋಯಿತು. ಎರಡನೆಯದರಲ್ಲಿ ಅವರು ಅವ್ವಾ ಎಂದು ಕೂಗಿದರು. ಮೂರನೆಯದು ಮುಗಿದಾಗ, ಇಷ್ಟೇನಾ, ಇನ್ನೊಂದಿಲ್ವಾ ಎಂದು ಕೇಳಿದರು. ಮೂರರಲ್ಲೂ ಮೊಮ್ಮಗಳು ಹೇಳಿದ್ದನ್ನು ಎಲ್ಲರಿಗಿಂತ ಮೊದಲು ಮಾಡಿದವಳು ನಾನು. 11.10ಕ್ಕೆ ದಡ ಸೇರಿದೆವು. ಯಾರಿಗೂ ಒಂದು ಗೀರೂ ಆಗಿಲ್ಲ. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿದೆ, ಅದಕ್ಕೆ ಯಾರೂ ಹೊಣೆಯಲ್ಲ.

ಗೈಡಿನ ಮೇಲೆ ದೂರು ಇರುವ ತನಕ ಲೈಸೆನ್ಸಿಗೆ ಸಹಿ ಹಾಕುವಂತಿಲ್ಲವೆಂದು ಪರೀಕ್ಷಕರು ತಿಳಿಸಿದ್ದಾರೆ. ಹುಡುಗಿ ಇದಕ್ಕಾಗಿ ಎರಡು ಬೇಸಿಗೆ ಕಾದಿದ್ದಾಳೆ. ತಪ್ಪು ಅವಳದಲ್ಲ, ನನ್ನದು. ಶಿಕ್ಷೆಯೂ ಆಗಿದೆ. ಗೈಡ್ ಮಾತು ಕೇಳದ ತಪ್ಪಿಗೆ ಈ ಬೇಸಿಗೆ ಮುಗಿಯುವ ತನಕ ನಾನು ರಾಫ್ಟ್ ಹತ್ತಬಾರದೆಂದು ದಡದಲ್ಲೇ ಎಲ್ಲರೆದುರು ಹೇಳಿದ್ದಾಳೆ. ಒಪ್ಪಿದ್ದೇನೆ. ಅದನ್ನು ಕೇಳಿದಾಗಿನಿಂದ ಪರೀಕ್ಷಕರು ಜೇಬಿನಿಂದ ಪೆನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡಿದ್ದಾರೆ, ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನನ್ನ ಬಾಯಿಂದ ಬಂದಂತೆಯೇ ಇದೆ, ಸುಳ್ಳು ಸೇರಿಲ್ಲ.

ಸ್ಥಳ: ಠಾಣೆ
ದಿನಾಂಕ: ಮೇ 9
ಸಹಿ: ತೇಪೆಯಜ್ಜಿ

ಸಮಕ್ಷಮ: ಪೇದೆ. ಹೇಳಿಕೆ ನಿಜ. ನಾನೂ ರಾಫ್ಟಿನಲ್ಲಿದ್ದೆ.

ಠಾಣಾಧಿಕಾರಿಯ ಷರಾ: ದೂರು ಮುಕ್ತಾಯ. ಪ್ರತಿಯನ್ನು ಪರೀಕ್ಷಕರಿಗೆ ಈಗಲೇ ಕೊಡುವುದು.